ಇಂಗ್ಲೆಂಡಿನಲ್ಲಿ ನೆರೆಮನೆಯವರ ಕಾಟಕ್ಕೆ ಕೌನ್ಸಿಲ್‌ನಿಂದ ಪರಿಹಾರ ಸಿಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ಇಂಗ್ಲೆಂಡಿನಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿ ಕೈಗೂಸಿನೊಡನೆ ಇದ್ದೀರಿ; ಮೇಲಿನ ಮನೆಯಲ್ಲಿ ನಡುರಾತ್ರಿ ದಾಟಿದರೂ ಅಬ್ಬರದ ಸಂಗೀತ ನಿಲ್ಲುವುದಿಲ್ಲ, ಅಲ್ಲಿಗೆ ಬರುವವರು ಮೆಟ್ಟಿಲ ಬಳಿ ಗುಂಪುಗೂಡಿ ಬೈಯುತ್ತಾರೆ, ಒಮ್ಮೊಮ್ಮೆ ನಿಮ್ಮ ಬಾಗಿಲಿಗೆ ಒದೆಯುತ್ತಾರೆ; ಪೊಲೀಸರು ಕೌನ್ಸಿಲ್‌ಗೆ (ಸ್ಥಳೀಯ ಆಡಳಿತ ಸಂಸ್ಥೆಗೆ) ಹೇಳಿ ಎನ್ನುತ್ತಾರೆ, ಕೌನ್ಸಿಲ್‌ನವರು ಪೊಲೀಸರಿಗೆ ಹೇಳಿ ಎನ್ನುತ್ತಾರೆ; ದೂರು ಕೊಟ್ಟರೆ ವೀಸಾಕ್ಕೆ ತೊಂದರೆಯಾದೀತೇ ಎಂಬ ಭಯ ಬೇರೆ. ನಾನು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದಲ್ಲಿ ನೆಲೆಸಿದ್ದೇನೆ. ನಮ್ಮ ಬಾಡಿಗೆದಾರರ ಸಂಘದಲ್ಲಿ ಇಂಥ ದೂರುಗಳನ್ನು ಬರೆದುಕೊಡುವ ಕೆಲಸ ಮಾಡುತ್ತೇನೆ. ನಾನು ವಕೀಲನಲ್ಲ, ಆದರೆ ಈ ದಾರಿ ಎಲ್ಲೆಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದು ಗೊತ್ತಿದೆ.

ವೀಸಾದ ಭಯವನ್ನು ಮೊದಲೇ ಬಿಡಿಸುತ್ತೇನೆ, ಏಕೆಂದರೆ ನಮ್ಮವರಲ್ಲಿ ಹಲವರು ಈ ಒಂದು ಕಾರಣಕ್ಕೇ ಬಾಯಿ ಮುಚ್ಚಿಕೊಂಡು ಸಹಿಸುತ್ತಾರೆ. ನಿಮ್ಮ ವೀಸಾದ ಮೇಲೆ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’, ಅಂದರೆ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಇರಬಹುದು. ಅದು ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಕೌನ್ಸಿಲ್ ಮನೆಯ ಹಂಚಿಕೆಯಂಥ, ವಲಸೆ ನಿಯಮದಲ್ಲಿ ಹೆಸರಿಸಿರುವ ಸೌಲಭ್ಯಗಳಿಗೆ ಮಾತ್ರ ಅನ್ವಯಿಸುತ್ತದೆ. ಗದ್ದಲದ ಬಗ್ಗೆ ಕೌನ್ಸಿಲ್‌ಗೆ ದೂರು ಕೊಡುವುದು, ಪೊಲೀಸರನ್ನು ಕರೆಯುವುದು, ಸಂತ್ರಸ್ತರಿಗಾಗಿ ಇರುವ ನೆರವು ಪಡೆಯುವುದು ಯಾವುದೂ ಆ ಪಟ್ಟಿಯಲ್ಲಿಲ್ಲ.

ಕರ್ನಾಟಕದಲ್ಲಿ ಬೆಳೆದ ನಮಗೆ ಪಾಲಿಕೆಯೆಂದರೆ ಕಸ, ಚರಂಡಿ, ಕಂದಾಯ; ಗಲಾಟೆಯೆಂದರೆ ಪೊಲೀಸ್ ಠಾಣೆ. ಇಲ್ಲಿ ಹಾಗಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2014ರ ಸಮಾಜವಿರೋಧಿ ವರ್ತನೆ, ಅಪರಾಧ ಮತ್ತು ಪೊಲೀಸ್ ವ್ಯವಸ್ಥೆಯ ಕಾಯ್ದೆಯು ಪೊಲೀಸರಿಗೂ ಕೌನ್ಸಿಲ್‌ಗೂ ಅಧಿಕಾರ ಕೊಟ್ಟಿದೆ. ಯಾರಿಗಾದರೂ ಕಿರುಕುಳ, ದಿಗಿಲು ಅಥವಾ ಸಂಕಟ ಉಂಟುಮಾಡುವ, ಮನೆಯಲ್ಲಿ ನೆಮ್ಮದಿಯಾಗಿ ಇರಲು ಬಿಡದಷ್ಟು ಉಪದ್ರವ ಕೊಡುವ ನಡವಳಿಕೆ ಅದರ ವ್ಯಾಪ್ತಿಗೆ ಬರುತ್ತದೆ. ಮೇಲಿನ ಮನೆಯ ಮಗು ಹಗಲಿನಲ್ಲಿ ಓಡಾಡುವ ಸದ್ದು ಸಾಮಾನ್ಯವಾಗಿ ಬರುವುದಿಲ್ಲ. ನೀವು ಹೇಳಿದ ಮೂರೂ ಸಂಗತಿಗಳು ಬರುತ್ತವೆ. ಬಾಗಿಲಿಗೆ ಒದೆಯುತ್ತಿರುವಾಗ ತುರ್ತು ಸಂಖ್ಯೆ 999ಕ್ಕೂ ಮುಗಿದ ಮೇಲೆ ಪೊಲೀಸರ ತುರ್ತಲ್ಲದ ಸಂಖ್ಯೆ 101ಕ್ಕೂ ಕರೆ ಮಾಡಿ, ಪ್ರತಿ ಸಲವೂ ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ.

ಇನ್ನು ದಾಖಲೆಯ ಮಾತು. ಕೌನ್ಸಿಲ್‌ನವರು ಡೈರಿ ಶೀಟ್ ಎಂಬ ಹಾಳೆಗಳನ್ನು ಕೊಡುತ್ತಾರೆ. ಹಲವು ಕಡೆ ಶಬ್ದವನ್ನು ಫೋನಿನಲ್ಲೇ ಮುದ್ರಿಸಿ ಕಳುಹಿಸುವ ಆ್ಯಪ್ ಕೂಡ ಇರುತ್ತದೆ. ನನ್ನ ಬಳಿ ಬರುವ ಹಾಳೆಗಳಲ್ಲಿ ಹೆಚ್ಚಿನವು ‘ರಾತ್ರಿಯಿಡೀ ವಿಪರೀತ ಗಲಾಟೆ, ತಡೆಯಲಾಗುತ್ತಿಲ್ಲ’ ಎಂಬ ಒಂದು ಸಾಲಿನಲ್ಲಿ ಮುಗಿದಿರುತ್ತವೆ. ಬರೆದವರ ನೋವು ನಿಜ, ಆದರೆ ಅಧಿಕಾರಿ ಆ ಸಾಲನ್ನು ಹಿಡಿದು ಏನೂ ಮಾಡಲಾರರು. ‘ಮಂಗಳವಾರ ರಾತ್ರಿ 11.40ರಿಂದ 1.15ರವರೆಗೆ ಮೇಲಿನ ಮನೆಯಿಂದ ಸಂಗೀತ; ಮಲಗುವ ಕೋಣೆಯ ಕಿಟಕಿ ಮುಚ್ಚಿದ್ದರೂ ಹಾಡಿನ ಪದಗಳು ತಿಳಿಯುತ್ತಿದ್ದವು; ಮಗು ಎಚ್ಚೆತ್ತು ಅತ್ತಿತು; 12.10ಕ್ಕೆ 101ಕ್ಕೆ ಕರೆ ಮಾಡಿದೆ, ಸಂಖ್ಯೆ ಇಂಥದ್ದು’ ಎಂದು ಬರೆದರೆ ಅದು ಸಾಕ್ಷ್ಯ. ಯಾರು, ಎಲ್ಲಿ, ಎಷ್ಟು ಹೊತ್ತು, ನಿಮ್ಮ ಬದುಕಿನ ಮೇಲೆ ಅದರ ಪರಿಣಾಮವೇನು ಎಂಬುದು ಅದೇ ರಾತ್ರಿ ಅಥವಾ ಮರುದಿನ ಬೆಳಿಗ್ಗೆಯೇ ದಾಖಲಾಗಬೇಕು.

ಗದ್ದಲದ ಭಾಗವನ್ನು ಬೇರೆಯಾಗಿ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ (ಪರಿಸರ ಆರೋಗ್ಯ) ವಿಭಾಗಕ್ಕೆ ಕಳುಹಿಸಿ. 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಬಂದರೆ ವಿಚಾರಣೆ ಮಾಡುವುದು ಕೌನ್ಸಿಲ್‌ನ ಕರ್ತವ್ಯ, ಅವರ ಕೃಪೆಯಲ್ಲ. ಕಾನೂನು ಹೇಳುವ ಉಪದ್ರವ ಇದೆ ಎಂದು ಖಚಿತವಾದರೆ ನಿಲ್ಲಿಸುವಂತೆ ನೋಟಿಸ್ ಹೊರಡುತ್ತದೆ, ಅದನ್ನು ಮೀರುವುದು ಅಪರಾಧ. ಸದ್ದು ಮಾಡುವ ಉಪಕರಣಗಳನ್ನೇ ಹೊತ್ತುಕೊಂಡು ಹೋಗುವ ಅಧಿಕಾರವೂ ಅವರಿಗಿದೆ. ಒಂದು ವೇಳೆ ನಿಮ್ಮ ಊರಿನಲ್ಲಿ ಕೌಂಟಿ ಕೌನ್ಸಿಲ್ ಮತ್ತು ಡಿಸ್ಟ್ರಿಕ್ಟ್ ಕೌನ್ಸಿಲ್ ಎರಡೂ ಇದ್ದರೆ, ಈ ದೂರು ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಹೋಗಬೇಕು.

ಬೈಗುಳ ಮತ್ತು ಬೆದರಿಕೆಯ ಭಾಗದಲ್ಲಿ ಮೊದಲು ಎಚ್ಚರಿಕೆಯ ಪತ್ರ, ಬಳಿಕ ಆ ನಡವಳಿಕೆಯನ್ನು ನಿಲ್ಲಿಸುವಂತೆ ಆದೇಶಿಸುವ ಕಮ್ಯುನಿಟಿ ಪ್ರೊಟೆಕ್ಷನ್ ನೋಟಿಸ್, ಅದಕ್ಕೂ ಬಗ್ಗದಿದ್ದರೆ ನ್ಯಾಯಾಲಯದಿಂದ ತಡೆಯಾಜ್ಞೆ. ತೀರಾ ಅತಿಯಾದಾಗ ಮನೆಯನ್ನೇ ಮೂರು ತಿಂಗಳವರೆಗೆ ಮುಚ್ಚಿಸುವ ಆದೇಶವನ್ನು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಿಂದ ಪಡೆಯಬಹುದು, ಅದನ್ನು ಒಟ್ಟು ಆರು ತಿಂಗಳವರೆಗೆ ವಿಸ್ತರಿಸಬಹುದು. ಮೇಲಿನ ಮನೆ ಕೌನ್ಸಿಲ್‌ನದೋ ಹೌಸಿಂಗ್ ಅಸೋಸಿಯೇಷನ್‌ನದೋ (ಕಡಿಮೆ ಬಾಡಿಗೆಗೆ ಮನೆ ಕೊಡುವ ಲಾಭರಹಿತ ಸಂಸ್ಥೆಯದೋ) ಆಗಿದ್ದರೆ, ಬಾಡಿಗೆ ಕರಾರು ಮುರಿದ ಕಾರಣಕ್ಕೆ ಮನೆಮಾಲೀಕರಾಗಿಯೂ ಅವರು ಕ್ರಮ ಕೈಗೊಳ್ಳಬಹುದು. ಆದ್ದರಿಂದ ಮನೆ ಯಾರದು ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಕೆಲವು ಅಧಿಕಾರಿಗಳು ಆರಂಭದಲ್ಲೇ ಎದುರುಬದುರು ಕೂತು ಮಾತನಾಡಿ ಬಗೆಹರಿಸಿಕೊಳ್ಳಿ ಎಂದು ಸಲಹೆ ಮಾಡುತ್ತಾರೆ. ಗೋಡೆ ತೆಳುವಾಗಿದೆ ಎಂಬಂಥ ಜಗಳಕ್ಕೆ ಅದು ಒಳ್ಳೆಯದೇ. ಬಾಗಿಲಿಗೆ ಒದ್ದವರ ಎದುರು ಕೈಗೂಸಿನ ತಾಯಿಯನ್ನು ಕೂರಿಸುವುದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮಗೆ ಬೇಡವೆನಿಸಿದರೆ ಬೇಡವೆಂದು ಲಿಖಿತವಾಗಿ ಹೇಳಿ.

ಈಗ ನಿಮ್ಮ ಪ್ರಶ್ನೆಯ ತಿರುಳು: ಪೊಲೀಸರು ಮತ್ತು ಕೌನ್ಸಿಲ್ ಪರಸ್ಪರ ಕೈತೋರಿಸಿದರೆ ಏನು ಮಾಡುವುದು? ಇದಕ್ಕಾಗಿಯೇ ಇರುವುದು ಎಎಸ್‌ಬಿ (ಸಮಾಜವಿರೋಧಿ ವರ್ತನೆ) ಕೇಸ್ ರಿವ್ಯೂ, ಅಂದರೆ ಎಲ್ಲ ಸಂಸ್ಥೆಗಳೂ ಸೇರಿ ನಿಮ್ಮ ಪ್ರಕರಣವನ್ನು ಮರುಪರಿಶೀಲಿಸಬೇಕೆಂದು ಕೇಳುವ ಹಕ್ಕು. ಹಲವು ಕಡೆ ಇದನ್ನು ಇನ್ನೂ ಕಮ್ಯುನಿಟಿ ಟ್ರಿಗರ್ ಎಂಬ ಹಳೆಯ ಹೆಸರಿನಿಂದ ಕರೆಯುತ್ತಾರೆ. ಇಂಥ ಹಕ್ಕು ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಲೆಸ್ಟರ್‌ಷೈರ್‌ನ ಬಾರ್‌ವೆಲ್ ಎಂಬ ಊರಿನ ಪ್ರಕರಣವನ್ನು ನೋಡಬೇಕು. ಅಲ್ಲಿ ಫಿಯೋನಾ ಪಿಲ್ಕಿಂಗ್‌ಟನ್ ಎಂಬ ತಾಯಿಯ ಮನೆಗೆ ಹುಡುಗರ ಗುಂಪು ವರ್ಷಗಟ್ಟಲೆ ಕಲ್ಲೆಸೆದು, ಅಂಗವೈಕಲ್ಯವಿದ್ದ ಅವರ ಮಗಳನ್ನು ಹಂಗಿಸುತ್ತಿತ್ತು. ಪೊಲೀಸರಿಗೆ ಒಟ್ಟು 33 ಸಲ ದೂರು ಹೋಗಿತ್ತು. ಪ್ರತಿ ಕರೆಯನ್ನೂ ಬಿಡಿ ಘಟನೆಯೆಂದು ನೋಡಿದರೇ ಹೊರತು ಯಾರೂ ಒಟ್ಟುಗೂಡಿಸಿ ನೋಡಲಿಲ್ಲ. 2007ರ ಅಕ್ಟೋಬರ್‌ನಲ್ಲಿ ಆ ತಾಯಿ ಮಗಳ ಪ್ರಾಣ ತೆಗೆದು ತಾವೂ ಪ್ರಾಣ ಕಳೆದುಕೊಂಡರು. 2009ರ ಸಾವಿನ ವಿಚಾರಣೆಯಲ್ಲಿ ಜ್ಯೂರಿಯು ಪೊಲೀಸರ ಜೊತೆಗೆ ಸ್ಥಳೀಯ ಕೌನ್ಸಿಲ್‌ಗಳ ಲೋಪವನ್ನೂ ಎತ್ತಿ ಹೇಳಿತು: ಒಬ್ಬರ ಬಳಿ ಇದ್ದ ಮಾಹಿತಿ ಇನ್ನೊಬ್ಬರಿಗೆ ತಲುಪಿರಲಿಲ್ಲ.

ಕೇಸ್ ರಿವ್ಯೂ ಕೇಳಿದಾಗ ಕೌನ್ಸಿಲ್, ಪೊಲೀಸ್, ಆರೋಗ್ಯ ಇಲಾಖೆಯ ಸ್ಥಳೀಯ ಮಂಡಳಿ ಮತ್ತು ಹೌಸಿಂಗ್ ಅಸೋಸಿಯೇಷನ್ ತಮ್ಮ ಕಡತಗಳನ್ನು ಒಂದೇ ಮೇಜಿನ ಮೇಲೆ ಇಡಬೇಕಾಗುತ್ತದೆ. ಎಷ್ಟು ದೂರಿಗೆ ಈ ಹಕ್ಕು ಹುಟ್ಟುತ್ತದೆ ಎಂಬುದನ್ನು ಆಯಾ ಪ್ರದೇಶದವರು ನಿಗದಿಪಡಿಸುತ್ತಾರೆ, ಆದರೆ ಆರು ತಿಂಗಳಲ್ಲಿ ಮೂರು ದೂರುಗಳಿಗಿಂತ ಹೆಚ್ಚನ್ನು ಅವರು ಕೇಳುವಂತಿಲ್ಲ. ಘಟನೆ ನಡೆದ ಒಂದು ತಿಂಗಳೊಳಗೆ ದೂರು ದಾಖಲಾಗಿರಬೇಕು. ‘ಎಷ್ಟು ಸಲ ಹೇಳಿದರೂ ಅಷ್ಟೇ’ ಎಂದು ಬೇಸತ್ತು ದೂರು ಕೊಡುವುದನ್ನು ನಿಲ್ಲಿಸಿದವರು ಎಡವುವುದು ಇಲ್ಲಿಯೇ. ನಿಮ್ಮ ಒಪ್ಪಿಗೆಯೊಂದಿಗೆ ನಿಮ್ಮ ಪತಿ, ಗೆಳತಿ ಅಥವಾ ಸ್ಥಳೀಯ ಕೌನ್ಸಿಲರ್ ಕೂಡ ಅರ್ಜಿ ಹಾಕಬಹುದು. ಅರ್ಹತೆ ಇದೆಯೋ ಇಲ್ಲವೋ, ಪರಿಶೀಲನೆಯ ಫಲವೇನು, ಯಾವ ಶಿಫಾರಸು ಮಾಡಿದ್ದಾರೆ ಎಂಬುದನ್ನು ನಿಮಗೆ ತಿಳಿಸಲೇಬೇಕು. ಶಿಫಾರಸನ್ನು ಪಾಲಿಸಲೇಬೇಕೆಂಬ ಕಟ್ಟುಪಾಡು ಇಲ್ಲದಿರುವುದು, ಅದನ್ನು ಗಮನಕ್ಕೆ ತೆಗೆದುಕೊಂಡರೆ ಸಾಕೆಂದಿರುವುದು ಈ ಕಾಯ್ದೆಯ ದೊಡ್ಡ ಕೊರತೆ. ಆದರೂ ಕೈತೋರಿಸುವ ಆಟವನ್ನು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಫೋನ್ ಎತ್ತಿದವರಿಗೆ ಇದರ ಬಗ್ಗೆ ಗೊತ್ತಿಲ್ಲದಿದ್ದರೆ ಕೌನ್ಸಿಲ್‌ನ ಜಾಲತಾಣದಲ್ಲಿ ಅರ್ಜಿಯನ್ನು ನೀವೇ ಹುಡುಕಿ. ಅದರ ವಿಧಾನವನ್ನು ಪ್ರಕಟಿಸುವುದು ಕಡ್ಡಾಯ.

ಸಂತ್ರಸ್ತರಿಗೆ ಸಿಗುವ ಆಸರೆಯ ವಿಷಯದಲ್ಲಿ ವ್ಯವಸ್ಥೆ ಇನ್ನೂ ಬಡವಾಗಿದೆ. ಹೆಲೆನ್ ನ್ಯೂಲವ್ ಅವರ ಪತಿ 2007ರಲ್ಲಿ ವಾರಿಂಗ್‌ಟನ್‌ನಲ್ಲಿ ಮನೆಯ ಮುಂದೆ ದಾಂಧಲೆ ಮಾಡುತ್ತಿದ್ದ ಹುಡುಗರನ್ನು ಪ್ರಶ್ನಿಸಲು ಹೋಗಿ ಹಲ್ಲೆಗೊಳಗಾಗಿ ತೀರಿಕೊಂಡರು. ಮುಂದೆ ಸಂತ್ರಸ್ತರ ಕಮಿಷನರ್ ಆದ ಆಕೆ 2019ರ ವರದಿಯಲ್ಲಿ, ಇಂಥ ಕಾಟ ಅನುಭವಿಸುವವರನ್ನು ವ್ಯವಸ್ಥೆ ಕೈಬಿಡುತ್ತಿದೆ, ಕಮ್ಯುನಿಟಿ ಟ್ರಿಗರ್ ಬಗ್ಗೆ ಅವರಿಗೆ ಯಾರೂ ಹೇಳುವುದೇ ಇಲ್ಲ ಎಂದು ದೂರಿದರು. ಹೀಗಾಗಿ ಇರುವುದನ್ನಾದರೂ ಕೇಳಿ ಪಡೆಯಬೇಕು. ಮೊದಲ ದೂರಿನಲ್ಲೇ ಕೈಗೂಸು ಇದೆ, ರಾತ್ರಿ ಒಬ್ಬರೇ ಇರುತ್ತೀರಿ, ನಿದ್ದೆಯಿಲ್ಲದೆ ಆರೋಗ್ಯ ಕೆಟ್ಟಿದೆ ಎಂಬುದನ್ನೆಲ್ಲ ತಿಳಿಸಿ, ಅಪಾಯದ ಮೌಲ್ಯಮಾಪನ ಮಾಡಿ ಎಂದು ಕೇಳಿ. ಪ್ರಕರಣಕ್ಕೆ ಎಷ್ಟು ತುರ್ತು ಎಂಬುದು ಬಹುಮಟ್ಟಿಗೆ ಇದರಿಂದಲೇ ತೀರ್ಮಾನವಾಗುತ್ತದೆ. ವಿಕ್ಟಿಮ್ ಸಪೋರ್ಟ್ ಎಂಬ ಸಂಸ್ಥೆ ಉಚಿತವಾಗಿ ಮಾತನಾಡಿಸಿ ದಾರಿ ತೋರಿಸುತ್ತದೆ. ಬೈಗುಳದಲ್ಲಿ ನಿಮ್ಮ ಬಣ್ಣ, ದೇಶ, ಧರ್ಮದ ಮಾತು ಬಂದಿದ್ದರೆ ಅದನ್ನು ಮರೆಮಾಚದೆ ಅದೇ ಪದಗಳಲ್ಲಿ ಪೊಲೀಸರಿಗೆ ಹೇಳಿ. ಆಗ ಅದು ದ್ವೇಷದ ಅಪರಾಧವಾಗಿ ದಾಖಲಾಗುತ್ತದೆ. ನ್ಯಾಯಾಲಯದಲ್ಲಿ ನಿಲ್ಲಲು ಹೆದರಿಕೆಯಾದರೆ, ತಡೆಯಾಜ್ಞೆಯ ಪ್ರಕರಣ ಸಿವಿಲ್ ಸ್ವರೂಪದ್ದಾದ್ದರಿಂದ ನೀವು ಹೇಳಿದ್ದನ್ನು ಅಧಿಕಾರಿಯೇ ತಮ್ಮ ಹೇಳಿಕೆಯಲ್ಲಿ ಮುಂದಿಡಲು ಅವಕಾಶವಿದೆ, ಆದರೆ ಅದಕ್ಕೆ ನೇರ ಸಾಕ್ಷಿಯಷ್ಟು ತೂಕ ಇರದು.

ಇಷ್ಟಾದರೂ ಕೌನ್ಸಿಲ್ ಸುಮ್ಮನಿದ್ದರೆ ಅದರ ಮೇಲೆಯೇ ಲಿಖಿತ ದೂರು ಕೊಟ್ಟು, ಅಂತಿಮ ಉತ್ತರ ಬಂದ ಮೇಲೆ ಕೌನ್ಸಿಲ್‌ಗಳ ಮೇಲಿನ ದೂರುಗಳನ್ನು ವಿಚಾರಿಸುವ ಸ್ವತಂತ್ರ ಸಂಸ್ಥೆಯಾದ ಲೋಕಲ್ ಗವರ್ನಮೆಂಟ್ ಆ್ಯಂಡ್ ಸೋಷಿಯಲ್ ಕೇರ್ ಓಂಬುಡ್ಸ್‌ಮನ್ ಬಳಿಗೆ ಹೋಗಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ತೊಂದರೆ ನಿಮ್ಮ ಗಮನಕ್ಕೆ ಬಂದ ಹನ್ನೆರಡು ತಿಂಗಳೊಳಗೆ ಹೋಗಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮವಾದ್ದರಿಂದ, ಕೌನ್ಸಿಲ್‌ನ ಉತ್ತರಕ್ಕೆ ಕೊನೆಯಿಲ್ಲದೆ ಕಾಯುತ್ತ ಕೂರಬೇಡಿ.