ಪಿ0171 ಕೋಡ್ ಬಂದಾಗ ಆಕ್ಸಿಜನ್ ಸೆನ್ಸರ್ ಕೊಳ್ಳುವ ಮುನ್ನ ನೋಡಬೇಕಾದ ಅಂಕಿಗಳು

ನಿಮ್ಮ 2017ರ ಮಾದರಿಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿದೆ, ಸ್ಕ್ಯಾನರ್ ಪಿ0171 ಎಂದು ತೋರಿಸಿದೆ, ಮೈಲೇಜು ಇಳಿದಿದೆ, ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಬದಲಿಸಬೇಕೆಂದಿದ್ದಾರೆ. ಅದಕ್ಕೆ ಮೊದಲು ಮನೆಯಲ್ಲೇ ಕಾರಣ ಪತ್ತೆ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು. ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ, ಆದರೆ ನಮ್ಮ ಮನೆಯ ಮತ್ತು ನೆಂಟರ ಕಾರುಗಳ ಇಂತಹ ದೋಷಗಳನ್ನು ಬಹಳ ಕಾಲದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಈ ಕೋಡಿಗೆ ಮೊದಲ ಹೆಜ್ಜೆಯಾಗಿ ಆಕ್ಸಿಜನ್ ಸೆನ್ಸರ್ ಬದಲಿಸುವುದು ಬಹುತೇಕ ಸಂದರ್ಭಗಳಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಪಿ0171 ಯಾವ ಬಿಡಿಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ, ಅಂದರೆ ಮಿಶ್ರಣ ಲೀನ್ ಆಗಿದೆ, ಅದನ್ನು ಸರಿಪಡಿಸಲು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತನ್ನ ಮಿತಿ ಮುಟ್ಟುವಷ್ಟು ಪೆಟ್ರೋಲ್ ಸೇರಿಸಿದರೂ ಸಾಲುತ್ತಿಲ್ಲ ಎಂದಷ್ಟೇ ಅದರ ಅರ್ಥ. ಇದಕ್ಕೆ ವಿರುದ್ಧವಾದ ರಿಚ್ ಸ್ಥಿತಿಗೆ ಪಿ0172 ಬರುತ್ತದೆ. ಪಿ0174 ಮತ್ತು ಪಿ0175 ಎಂಬ ಕೋಡುಗಳು ಎರಡನೆಯ ಬ್ಯಾಂಕಿಗೆ, ಎಂದರೆ ವಿ6 ಮುಂತಾದ ಎಂಜಿನ್‌ಗಳ ಎರಡನೆಯ ಸಾಲಿನ ಸಿಲಿಂಡರುಗಳಿಗೆ ಸೇರಿದವು. ಒಂದೇ ಸಾಲಿನಲ್ಲಿ ಸಿಲಿಂಡರುಗಳಿರುವ ನಿಮ್ಮ ಕಾರಿನಲ್ಲಿ ಅವು ಬರುವುದಿಲ್ಲ. ಸೈಲೆನ್ಸರ್ ಕೊಳವೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಇಸಿಯುಗೆ ಸುದ್ದಿ ಮುಟ್ಟಿಸುವುದು ಆಕ್ಸಿಜನ್ ಸೆನ್ಸರಿನ ಕೆಲಸ. ಸುದ್ದಿ ಕೆಟ್ಟದ್ದಾಗಿದೆ ಎಂಬ ಕಾರಣಕ್ಕೆ ಅದನ್ನು ಕಿತ್ತು ಹೊಸದನ್ನು ಹಾಕಿದರೆ, ಹೊಸದೂ ಅದೇ ಸುದ್ದಿ ಹೇಳುತ್ತದೆ.

ನಿಮಗೆ ಬೇಕಾದ ಮುಖ್ಯ ಸಾಧನ ಫೋನಿಗೆ ಬ್ಲೂಟೂತ್ ಮೂಲಕ ಜೋಡಿಸುವ ಇಎಲ್‌ಎಂ327 ಮಾದರಿಯ ಒಂದು ಸ್ಕ್ಯಾನರ್, ಮತ್ತು ಕೋಡ್ ಮಾತ್ರವಲ್ಲದೆ ಎಂಜಿನ್ ಓಡುವಾಗಿನ ಲೈವ್ ಡೇಟಾವನ್ನೂ ತೋರಿಸುವ ಆ್ಯಪ್. ಅದನ್ನು ಸಿಕ್ಕಿಸುವ 16 ಪಿನ್ನುಗಳ ಒಬಿಡಿ ಸಾಕೆಟ್ ಸಾಮಾನ್ಯವಾಗಿ ಸ್ಟಿಯರಿಂಗ್ ಕೆಳಗಡೆ, ಮೊಣಕಾಲಿನ ಹತ್ತಿರ ಇರುತ್ತದೆ. ಕೋಡನ್ನು ತಕ್ಷಣ ಅಳಿಸಬೇಡಿ. ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆ ಇರುತ್ತದೆ: ದೋಷ ದಾಖಲಾದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ವೇಗ ಎಷ್ಟಿತ್ತು, ಎಂಜಿನ್ ಬಿಸಿಯಾಗಿತ್ತೇ ಎಂಬುದೆಲ್ಲ ಅದರಲ್ಲಿದೆ. ಕೋಡ್ ಅಳಿಸಿದರೆ ಆ ದಾಖಲೆಯೂ ಹೋಗುತ್ತದೆ, ಇಸಿಯು ಕಲಿತಿಟ್ಟುಕೊಂಡ ತಿದ್ದುಪಡಿಗಳೂ ಹಲವು ಕಾರುಗಳಲ್ಲಿ ಹೋಗುತ್ತವೆ. ಅದರ ಚಿತ್ರ ತೆಗೆದಿಟ್ಟುಕೊಂಡು ಮುಂದುವರಿಯಿರಿ.

ಆ ತಿದ್ದುಪಡಿಗಳಿಗೇ ಫ್ಯೂಯೆಲ್ ಟ್ರಿಮ್ ಎಂದು ಹೆಸರು, ಮತ್ತು ಇಡೀ ಪತ್ತೆದಾರಿ ಕೆಲಸ ನಿಂತಿರುವುದು ಅದರ ಮೇಲೆ. ಶಾರ್ಟ್ ಟರ್ಮ್ ಟ್ರಿಮ್ ಎಂದರೆ ಆ ಕ್ಷಣದ ತಿದ್ದುಪಡಿ. ಅದು ಏರಿಳಿಯುತ್ತಲೇ ಇರುತ್ತದೆ. ಲಾಂಗ್ ಟರ್ಮ್ ಟ್ರಿಮ್ ಎಂದರೆ ಇಸಿಯು ಕಾಲಕ್ರಮದಲ್ಲಿ ರೂಢಿ ಮಾಡಿಕೊಂಡ ತಿದ್ದುಪಡಿ. ಎರಡನ್ನೂ ಕೂಡಿಸಿ ನೋಡಬೇಕು. ಮೊತ್ತ ಧನವಾಗಿದ್ದರೆ ಇಸಿಯು ಪೆಟ್ರೋಲ್ ಹೆಚ್ಚಿಸುತ್ತಿದೆ, ಋಣವಾಗಿದ್ದರೆ ಕಡಿಮೆ ಮಾಡುತ್ತಿದೆ. ಶೂನ್ಯದಿಂದ ಆಚೀಚೆ ಶೇಕಡ 5ರಷ್ಟಿದ್ದರೆ ಎಲ್ಲವೂ ಸರಿಯಿದೆ, 10ರವರೆಗೂ ಚಿಂತೆಯಿಲ್ಲ, 20 ದಾಟಿದರೆ ಖಂಡಿತ ಏನೋ ಕೆಟ್ಟಿದೆ. ಕೋಡ್ ಯಾವ ಅಂಕಿಗೆ ಬರುತ್ತದೆ ಎಂಬುದು ಒಂದೊಂದು ಕಂಪನಿಯಲ್ಲಿ ಒಂದೊಂದು ರೀತಿ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಈ ಮೊತ್ತವನ್ನು ಮೂರು ಸ್ಥಿತಿಗಳಲ್ಲಿ ಬರೆದುಕೊಳ್ಳಿ: ಎಸಿ ಆರಿಸಿ, ಆಕ್ಸಿಲರೇಟರ್ ಮುಟ್ಟದೆ ಐಡಲ್‌ನಲ್ಲಿ, ನಿಂತಲ್ಲೇ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಸ್ಥಿರವಾಗಿ ಹಿಡಿದು, ಮತ್ತು ಏರುರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಎಂಜಿನ್ನಿನ ಮೇಲೆ ಭಾರ ಬಿದ್ದಾಗ. ಮೂರನೆಯದನ್ನು ಓಡಿಸುವವರೇ ಓದಬಾರದು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಇಲ್ಲವೇ ಆ್ಯಪ್‌ನಲ್ಲಿ ದಾಖಲಿಸಿಕೊಂಡು ಮನೆಗೆ ಬಂದು ನೋಡಿ.

ಈಗ ಇನ್ನೊಂದು ವಿಷಯ ತಿಳಿಯದೆ ಮುಂದೆ ಹೋಗುವಂತಿಲ್ಲ. ಎಂಜಿನ್ನಿನೊಳಗೆ ಹೋಗುವ ಗಾಳಿಯನ್ನು ನಿಮ್ಮ ಕಾರು ಹೇಗೆ ಲೆಕ್ಕ ಹಾಕುತ್ತದೆ? ಏರ್ ಫಿಲ್ಟರಿನ ನಂತರದ ಕೊಳವೆಯಲ್ಲಿ ಎಂಎಎಫ್ ಸೆನ್ಸರ್ ಇದ್ದರೆ ಅದು ಗಾಳಿಯ ಪ್ರಮಾಣವನ್ನೇ ನೇರವಾಗಿ ಅಳೆಯುತ್ತದೆ. ನಮ್ಮಲ್ಲಿ ಓಡಾಡುವ ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಅದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡವನ್ನು ಅಳೆಯುವ ಎಂಎಪಿ ಸೆನ್ಸರ್ ಮಾತ್ರ ಇರುತ್ತದೆ. ಲೈವ್ ಡೇಟಾದಲ್ಲಿ ಸೆಕೆಂಡಿಗೆ ಇಷ್ಟು ಗ್ರಾಂ ಎಂಬ ಅಂಕಿ ಬಂದರೆ ಮೊದಲನೆಯದಿರಬಹುದು, ಆದರೆ ಕೆಲವು ಆ್ಯಪ್‌ಗಳು ಆ ಅಂಕಿಯನ್ನು ತಾವೇ ಲೆಕ್ಕ ಹಾಕಿ ತೋರಿಸುವುದರಿಂದ ಬಾನೆಟ್ ತೆರೆದು ಕಣ್ಣಾರೆ ನೋಡುವುದು ಮೇಲು. ಅಂತರ್ಜಾಲದ ಬಹುತೇಕ ಸಲಹೆಗಳು ಎಂಎಎಫ್ ಇರುವ ಎಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು, ಅದನ್ನು ಗಮನಿಸದೆ ಅನುಸರಿಸಿದವರು ದಾರಿ ತಪ್ಪುತ್ತಾರೆ.

ಎಂಎಎಫ್ ಇರುವ ಕಾರಿನಲ್ಲಿ ಐಡಲ್‌ನಲ್ಲಿ ಮೊತ್ತ 20ರ ಮೇಲಿದ್ದು, 2500 ಆರ್‌ಪಿಎಂನಲ್ಲಿ 5ರ ಹತ್ತಿರಕ್ಕೆ ಇಳಿದರೆ ಅದು ವ್ಯಾಕ್ಯೂಮ್ ಲೀಕಿನ ಸ್ಪಷ್ಟ ಗುರುತು. ಸೆನ್ಸರ್ ದಾಟಿದ ಮೇಲೆ ಎಲ್ಲೋ ಒಂದು ಸೀಳಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಸೇರುತ್ತಿದೆ. ಐಡಲ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ ಇರುವುದರಿಂದ ಆ ಕಳ್ಳಗಾಳಿಯ ಪಾಲು ದೊಡ್ಡದು, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ದಾರಿ ಬಿಡುವ ಕವಾಟ) ತೆರೆದಂತೆ ಅದರ ಪಾಲು ಕುಗ್ಗುತ್ತದೆ. ಎಂಎಪಿ ಮಾತ್ರ ಇರುವ ಕಾರಿನಲ್ಲಿ ಇದೇ ಸೀಳು ಬೇರೆ ರೀತಿ ಕಾಣಿಸಿಕೊಳ್ಳುತ್ತದೆ. ಒಳಬಂದ ಗಾಳಿ ಮ್ಯಾನಿಫೋಲ್ಡಿನ ಒತ್ತಡವನ್ನು ಏರಿಸುತ್ತದೆ, ಸೆನ್ಸರ್ ಅದನ್ನು ಗುರುತಿಸುತ್ತದೆ, ಇಸಿಯು ತಕ್ಕಷ್ಟು ಪೆಟ್ರೋಲನ್ನೂ ಕೊಡುತ್ತದೆ. ಹಾಗಾಗಿ ಟ್ರಿಮ್ ಹೆಚ್ಚು ಕೆಡದೆ, ಐಡಲ್ ಆರ್‌ಪಿಎಂ ಮಾತ್ರ ಏರಿ ನಿಲ್ಲಬಹುದು. ಒಂದೇ ಸಿಲಿಂಡರಿನ ಬಳಿ ಗ್ಯಾಸ್ಕೆಟ್ ಸೋರುತ್ತಿದ್ದರೆ ಆ ಸಿಲಿಂಡರಿನಲ್ಲಿ ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯದಿರುವುದು) ಆಗುವುದೂ ಉಂಟು.

ಲೀಕ್ ಹುಡುಕುವಾಗ ಮೊದಲು ಕಣ್ಣು ಮತ್ತು ಬೆರಳುಗಳನ್ನೇ ಬಳಸಿ. ಏರ್ ಫಿಲ್ಟರಿನಿಂದ ಥ್ರಾಟಲ್ ಬಾಡಿಗೆ ಹೋಗುವ ರಬ್ಬರ್ ಕೊಳವೆಯ ಮಡಿಕೆಗಳನ್ನು ಬಿಡಿಸಿ ನೋಡಿ, ಬಿರುಕು ಅಲ್ಲೇ ಅಡಗಿರುತ್ತದೆ. ಬ್ರೇಕ್ ಬೂಸ್ಟರಿನ ಹೋಸ್, ಪಿಸಿವಿ ವಾಲ್ವಿನ (ಎಂಜಿನ್ನಿನೊಳಗಿನ ಅನಿಲವನ್ನು ಮ್ಯಾನಿಫೋಲ್ಡಿಗೆ ಎಳೆಯುವ ಕವಾಟ) ಹೋಸ್, ಪರ್ಜ್ ವಾಲ್ವಿನ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಕವಾಟ) ಸಣ್ಣ ಹೋಸ್, ಇವುಗಳ ತುದಿಗಳನ್ನು ವಿಶೇಷವಾಗಿ ನೋಡಿ. ನಮ್ಮ ಕಡೆ ಇಲಿಗಳ ಕಾಟವನ್ನು ಮರೆಯಬಾರದು. ಮಳೆಗಾಲದಲ್ಲಿ ನಿಂತ ಕಾರಿನ ಎಂಜಿನ್ ಬಿಸಿಗೆ ಇಲಿ ಬಂದು ಸೇರಿಕೊಳ್ಳುತ್ತದೆ. ಶಿವಮೊಗ್ಗದ ನಮ್ಮ ನೆಂಟರೊಬ್ಬರ ಕಾರಿನಲ್ಲಿ ಇದೇ ಕೋಡಿಗೆ ಕಾರಣವಾಗಿದ್ದದ್ದು ಮ್ಯಾನಿಫೋಲ್ಡಿನ ಹಿಂಬದಿಯಲ್ಲಿ ಇಲಿ ಕಡಿದಿದ್ದ ಒಂದು ಸಣ್ಣ ಹೋಸ್, ಮತ್ತು ಬೆಲೆಯಲ್ಲಿ ಅದು ಸೆನ್ಸರಿನ ಹತ್ತಿರಕ್ಕೂ ಬರುವಂಥದ್ದಲ್ಲ.

ಕಣ್ಣಿಗೆ ಕಾಣದಿದ್ದರೆ, ಐಡಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಇಕ್ಕುಳದ ಬಾಯಿಗೆ ಬಟ್ಟೆ ಸುತ್ತಿ ಒಂದೊಂದೇ ಹೋಸನ್ನು ಕೆಲವು ಸೆಕೆಂಡು ಮೆಲ್ಲಗೆ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಶಾರ್ಟ್ ಟರ್ಮ್ ಟ್ರಿಮ್ ತಟ್ಟನೆ ಇಳಿಯುತ್ತದೆಯೋ ಅದರ ಆಚೆಯೇ ಸೋರಿಕೆ ಇದೆ. ಕಾರ್ಬ್ ಕ್ಲೀನರ್ ಸಿಂಪಡಿಸಿ ಆರ್‌ಪಿಎಂ ಬದಲಾವಣೆ ನೋಡುವ ವಿಧಾನವನ್ನು ಬಹಳ ಮಂದಿ ಹೇಳುತ್ತಾರೆ. ಅದು ಫಲಕಾರಿ ಹೌದು, ಆದರೆ ಆ ದ್ರವ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಮನೆಯ ಮುಚ್ಚಿದ ಪಾರ್ಕಿಂಗ್‌ನಲ್ಲಿ ಅದನ್ನು ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹೋಸ್‌ಗಳೆಲ್ಲ ಸರಿಯಿದ್ದು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಉಳಿದರೆ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ (ಹೊಗೆ ತುಂಬಿಸಿ ಅದು ಎಲ್ಲಿಂದ ಹೊರಬರುತ್ತದೆಂದು ನೋಡುವ ಪರೀಕ್ಷೆ) ಮಾಡಿಸಿ.

ಅಂಕಿಗಳು ತಿರುಗುಮುರುಗಾಗಿದ್ದರೆ, ಅಂದರೆ ಐಡಲ್‌ನಲ್ಲಿ ಸರಿಯಿದ್ದು ಏರಿನಲ್ಲಿ 20 ದಾಟಿದರೆ, ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ ಅಥವಾ ಎಂಎಎಫ್ ಸೆನ್ಸರ್ ಕೊಳೆಯಾಗಿ ಗಾಳಿಯನ್ನು ಕಡಿಮೆ ಅಳೆಯುತ್ತಿದೆ. ಎಂಎಎಫ್ ಇದ್ದರೆ ಅದಕ್ಕೆಂದೇ ಇರುವ ಕ್ಲೀನರಿನಿಂದ ಸ್ವಚ್ಛಗೊಳಿಸಿ, ಒಳಗಿನ ಸೂಕ್ಷ್ಮ ತಂತಿಯನ್ನು ಬೆರಳಿಂದಾಗಲಿ ಬಟ್ಟೆಯಿಂದಾಗಲಿ ಮುಟ್ಟದೆ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಎಂಎಎಫ್ ಇಲ್ಲದಿದ್ದರೆ ಉಳಿಯುವುದು ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರ್, ಸೊರಗಿದ ಪಂಪ್ ಅಥವಾ ಇಂಜೆಕ್ಟರುಗಳು. ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಪೆಟ್ರೋಲಿನ ಒತ್ತಡ 3ರಿಂದ 4 ಬಾರ್ ಇರುತ್ತದೆ, ಮತ್ತು ಎಂಜಿನ್ ಆರಿಸಿದ ಮೇಲೂ ಪೈಪಿನಲ್ಲಿ ಉಳಿದಿರುತ್ತದೆ. ಅದನ್ನು ಬಿಚ್ಚಿ ಗೇಜ್ ಹಾಕುವ ಕೆಲಸವನ್ನು ಮನೆಯಲ್ಲಿ ಮಾಡುವುದು ನನ್ನ ದೃಷ್ಟಿಯಲ್ಲಿ ಬೇಡ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಸಿಂಪಡಿಸುವ) ಎಂಜಿನ್ನಾದರೆ ಒತ್ತಡ ಇದರ ಎಷ್ಟೋ ಪಟ್ಟು, ಅದರ ಹತ್ತಿರವೂ ಹೋಗಬೇಡಿ.

ಮೂರೂ ಸ್ಥಿತಿಗಳಲ್ಲಿ ಒಂದೇ ಸಮನೆ ಹೆಚ್ಚಿದ್ದರೆ ಎರಡು ವಿಷಯಗಳನ್ನು ಮೊದಲು ಗಮನಿಸಿ. ಒಂದು, ಇಂಧನವೇ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದು ಈಗ ಬಂಕುಗಳಲ್ಲಿ ಸಾಮಾನ್ಯವಾಗಿರುವ ಇ20 ಪೆಟ್ರೋಲಿನಲ್ಲಿ ಎಥೆನಾಲ್ ಶೇಕಡ 20ರಷ್ಟಿದೆ. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಸರಿಯಾದ ಮಿಶ್ರಣದಲ್ಲಿ ಒಂದು ಪಾಲು ಇಂಧನಕ್ಕೆ ಬೇಕಾದ ಗಾಳಿ, ತೂಕದಲ್ಲಿ, ಶುದ್ಧ ಪೆಟ್ರೋಲಿನ 14.7 ಪಾಲಿನಿಂದ ಸುಮಾರು 13.5 ಪಾಲಿಗೆ ಇಳಿಯುತ್ತದೆ, ಅಂದರೆ ಅದೇ ಗಾಳಿಗೆ ಸುಮಾರು ಶೇಕಡ 9ರಷ್ಟು ಹೆಚ್ಚು ಇಂಧನ ಬೇಕು. ಇ20ಗೆ ಹೊಂದಿಸದ ಹಳೆಯ ಕ್ಯಾಲಿಬ್ರೇಷನ್ನಿನ ಕಾರಿನಲ್ಲಿ ಟ್ರಿಮ್ 5ರಿಂದ 8ರವರೆಗೆ ಏರಿದ್ದರೆ ಅದನ್ನು ಇ20 ವಿವರಿಸುತ್ತದೆ, 20ನ್ನು ಅದು ಒಂದೇ ವಿವರಿಸಲಾರದು. ಎರಡನೆಯದು, ಆಕ್ಸಿಜನ್ ಸೆನ್ಸರಿಗಿಂತ ಮುಂಚಿನ ಎಕ್ಸಾಸ್ಟ್ ಜೋಡಣೆಯಲ್ಲಿ ಸೋರಿಕೆ. ಅಲ್ಲಿ ಹೊರಗಿನ ಗಾಳಿ ನುಸುಳಿದರೆ ಮಿಶ್ರಣ ಸರಿಯಿದ್ದರೂ ಲೀನ್ ಎಂದೇ ಕಾಣುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದಂತೆ ನಿಂತರೆ ಆ ಕಡೆ ನೋಡಿ.

ಎಂಎಪಿ ಸೆನ್ಸರನ್ನು ಪರೀಕ್ಷಿಸುವುದು ಬಹಳ ಸುಲಭ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಅದು ಊರಿನ ವಾಯುಭಾರವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್, ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 91. ಬೆಂಗಳೂರಿನಲ್ಲಿ 91 ಕಂಡು ಸೆನ್ಸರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಬಿಸಿ ಎಂಜಿನ್ನಿನ ಐಡಲ್‌ನಲ್ಲಿ ಅದು 30ರಿಂದ 40ರ ಆಸುಪಾಸಿಗೆ ಇಳಿಯಬೇಕು.

ಇನ್ನು ಆಕ್ಸಿಜನ್ ಸೆನ್ಸರಿನ ಬಗ್ಗೆ. ಹಳೆಯ ಬಗೆಯ ಸೆನ್ಸರಾದರೆ ಅದರ ವೋಲ್ಟೇಜ್ 0.1ರಿಂದ 0.9ರ ನಡುವೆ ಬೇಗ ಬೇಗ ಏರಿಳಿಯಬೇಕು. ಗೇರಿನಲ್ಲಿದ್ದಾಗಲೇ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ನಿಂತು ವೋಲ್ಟೇಜ್ ಶೂನ್ಯದ ಹತ್ತಿರ ಇಳಿಯಬೇಕು, ಜೋರಾಗಿ ಒತ್ತಿದಾಗ 0.8 ದಾಟಬೇಕು. ಎರಡೂ ಆಗುತ್ತಿದ್ದರೆ ಸೆನ್ಸರ್ ಜೀವಂತವಾಗಿದೆ, ಬದಲಿಸುವ ಅಗತ್ಯವಿಲ್ಲ. ಎಲ್ಲ ಸ್ಥಿತಿಯಲ್ಲೂ 0.1ಕ್ಕೆ ಅಂಟಿಕೊಂಡು, ಎಕ್ಸಾಸ್ಟ್ ಸೋರಿಕೆಯೂ ಇಲ್ಲದಿದ್ದರೆ ಮಾತ್ರ ಸೆನ್ಸರನ್ನೂ ಅದರ ವೈರನ್ನೂ ಅನುಮಾನಿಸಿ. ವೈಡ್‌ಬ್ಯಾಂಡ್ ಸೆನ್ಸರ್ (ಮಿಶ್ರಣ ಎಷ್ಟು ಲೀನ್ ಅಥವಾ ರಿಚ್ ಎಂದು ಅಳೆಯುವ ಹೊಸ ಬಗೆ) ಇರುವ ಕಾರುಗಳಿಗೆ ಈ ವೋಲ್ಟೇಜ್ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಲ್ಯಾಂಬ್ಡಾ, ಅಂದರೆ ಮಿಶ್ರಣದ ಹದವನ್ನು ಹೇಳುವ ಅಂಕಿ, 1ರ ಸುತ್ತ ಇದೆಯೇ ಎಂದು ನೋಡಬೇಕು.

ಮುಂದೆಂದಾದರೂ ಪಿ0172 ಬಂದರೆ ಟ್ರಿಮ್ ಋಣವಾಗಿರುತ್ತದೆ. ಮುಚ್ಚದ ಪರ್ಜ್ ವಾಲ್ವ್, ಸೋರುವ ಇಂಜೆಕ್ಟರ್, ತೆರೆದೇ ಉಳಿದ ಥರ್ಮೋಸ್ಟಾಟ್‌ನಿಂದ ಎಂಜಿನ್ ಬಿಸಿಯಾಗದಿರುವುದು, ಇವು ಸಾಮಾನ್ಯ ಕಾರಣಗಳು. ಎಣ್ಣೆ ಕಡ್ಡಿ ಎತ್ತಿ ಮೂಸಿ ನೋಡಿ, ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಆಯಿಲ್ ಬದಲಿಸಿದ ಮೇಲೆಯೇ ಬೇರೆ ಪರೀಕ್ಷೆ. ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ ಕಾರಾದರೆ ಎರಡೂ ಕೋಡುಗಳಿಗೆ ಅದರ ಟ್ಯೂನಿಂಗ್ ಕಾರಣವಾಗಬಹುದಾದ್ದರಿಂದ ಕೆಲವು ದಿನ ಪೆಟ್ರೋಲಿನಲ್ಲೇ ಓಡಿಸಿ ಅಂಕಿಗಳನ್ನು ಹೋಲಿಸಿ.

ದೀಪ ಸ್ಥಿರವಾಗಿ ಉರಿಯುತ್ತಿದ್ದು ಕಾರು ಸರಾಗವಾಗಿ ಓಡುತ್ತಿದ್ದರೆ ಇವೆಲ್ಲಕ್ಕೂ ಸಮಯವಿದೆ. ದೀಪ ಮಿನುಗತೊಡಗಿದರೆ ತೀವ್ರ ಮಿಸ್‌ಫೈರ್ ಆಗಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತಿದೆ ಎಂದರ್ಥ. ಆಗ ಕಾರು ನಿಲ್ಲಿಸಿ. ದುರಸ್ತಿಯ ನಂತರ ಕೋಡ್ ಅಳಿಸಿ, ಕೆಲವು ದಿನ ಊರೊಳಗೂ ಹೆದ್ದಾರಿಯಲ್ಲೂ ಓಡಿಸಿ, ಅದೇ ಮೂರು ಸ್ಥಿತಿಗಳ ಅಂಕಿಗಳನ್ನು ಮತ್ತೆ ಬರೆದುಕೊಳ್ಳಿ. ಲಾಂಗ್ ಟರ್ಮ್ ಟ್ರಿಮ್ 10ರೊಳಗೆ ನಿಂತರೆ ದೋಷ ಹೋಗಿದೆ. ನಿಲ್ಲದಿದ್ದರೆ ಹಿಂದಿನ ಮತ್ತು ಈಗಿನ ಅಂಕಿಗಳನ್ನೂ ಕಾರಿನಲ್ಲಿ ಎಂಎಎಫ್ ಇದೆಯೋ ಎಂಎಪಿಯೋ ಎಂಬುದನ್ನೂ ಇಲ್ಲಿ ಬರೆಯಿರಿ, ಮುಂದಿನ ಹೆಜ್ಜೆಯನ್ನು ಸೇರಿ ನೋಡೋಣ.