ಅಪ್ಪ ಅಮ್ಮಂಗೆ ಕಾಳಜಿ ಇಲ್ಲ ಅನ್ನೋ ಮುಂಚೆ

ನಮಸ್ಕಾರ. ಬಡ ಕುಟುಂಬಗಳ ಮಕ್ಕಳು ಓದೋ ಶಾಲೆಗಳಿಗೆ ಅನುದಾನ ಜಾಸ್ತಿ ಮಾಡಿ ಅಂತ ಹೋದ ಸಂಚಿಕೆಲಿ ಬರೆದಿದ್ವಲ್ಲ, ಅದಕ್ಕೆ ನೀವು "ಎಷ್ಟು ದುಡ್ಡು ಸುರಿದ್ರೂ ಅಷ್ಟೇ, ಅಪ್ಪ ಅಮ್ಮಂಗೇ ಕಾಳಜಿ ಇಲ್ಲ ಅಂದ್ಮೇಲೆ ಶಾಲೆ ಏನ್ ಮಾಡಕ್ಕಾಗತ್ತೆ" ಅಂತ ಕೇಳಿದೀರ. ತುಂಬಾ ಜನ ಹೇಳೋ ಮಾತಿದು, ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗತ್ತೆ.

ಮನೆ ಮುಖ್ಯ ಅನ್ನೋದನ್ನ ನಾನೂ ಒಪ್ತೀನಿ. 1966ರಲ್ಲೇ ಅಮೆರಿಕದ ಕೋಲ್ಮನ್ ವರದಿ, ಮಕ್ಕಳ ಕಲಿಕೆಲಿ ಶಾಲೆಯ ಸೌಲಭ್ಯಕ್ಕಿಂತ ಮನೆ ಪರಿಸ್ಥಿತಿದೇ ಜಾಸ್ತಿ ಪಾತ್ರ ಅಂದಿತ್ತು. ಆದ್ರೆ ಅದನ್ನೇ ಹಿಡ್ಕೊಂಡು ಶಾಲೆಗೆ ಹಾಕಿದ ದುಡ್ಡು ದಂಡ ಅನ್ನಕ್ಕಾಗಲ್ಲ. ಕಿರಾಬೋ ಜಾಕ್ಸನ್, ರಕರ್ ಜಾನ್ಸನ್, ಕ್ಲೌಡಿಯಾ ಪರ್ಸಿಕೊ ಅನ್ನೋ ಸಂಶೋಧಕರು ಅಮೆರಿಕದ ಮಕ್ಕಳು ದೊಡ್ಡವರಾದ್ಮೇಲೆ ಏನಾದ್ರು ಅಂತ ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ: ಓದೋ 12 ವರ್ಷವೂ ಪ್ರತಿ ಮಗುವಿನ ಮೇಲೆ ಶಾಲೆ ಮಾಡೋ ಖರ್ಚು ಶೇ. 10 ಜಾಸ್ತಿ ಆದ್ರೆ ಮುಂದೆ ಅವರ ಸಂಬಳ ಸುಮಾರು ಶೇ. 7 ಜಾಸ್ತಿ, ಬಡ ಮನೆ ಮಕ್ಕಳಿಗೆ ಇನ್ನೂ ಹೆಚ್ಚು ಲಾಭ. 12 ವರ್ಷವೂ ಅನ್ನೋದನ್ನ ಗಮನಿಸಿ, ಒಂದು ವರ್ಷ ಕೊಟ್ಟು ಕೈ ತೊಳ್ಕೊಂಡ್ರೆ ಆಗಲ್ಲ.

ಇನ್ನು ಕಾಳಜಿ ವಿಷಯ. ಪೇರೆಂಟ್ಸ್ ಮೀಟಿಂಗ್ ಇಡೋದು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ, ಕೂಲಿ ಮಾಡೋ ತಾಯಿ ಬಂದ್ರೆ ಅವತ್ತಿನ ಕೂಲಿ ಹೋಯ್ತು, ಬರ್ಲಿಲ್ಲ ಅಂದ್ರೆ ಆಸಕ್ತಿ ಇಲ್ಲದೋರು ಅನ್ನೋ ಹಣೆಪಟ್ಟಿ. ಡೈರಿಲಿ ಟೀಚರ್ ಬರೆದು ಕಳ್ಸಿದ ಚೀಟಿ ಓದಕ್ಕೆ ಬರ್ದೇ ಇರೋ ಅಪ್ಪ ಮಗನ್ನೇ ಕೇಳ್ತಾನೆ ಏನಪ್ಪಾ ಇದು ಅಂತ, ಮಗ ಏನೂ ಇಲ್ಲ ಅಂತಾನೆ, ಅಲ್ಲಿಗೆ ಮುಗೀತು. ಚಿಕ್ಕ ಮಗೂನ ನೋಡ್ಕೊಳ್ಳೋರಿಲ್ಲ ಅಂತ ದೊಡ್ಡ ಹುಡುಗಿ ಮನೇಲೇ ಉಳೀತಾಳೆ, ಹಾಜರಿ ಪುಸ್ತಕದಲ್ಲಿ ಬರೀ ಗೈರು ಅಂತ ಬೀಳತ್ತೆ. ಇದೆಲ್ಲಾ ಕಾಳಜಿಯ ಕೊರತೆ ಅಲ್ಲ ಸರ್, ಸಮಯದ್ದು, ದುಡ್ಡಿಂದು.

ಮೆಕ್ಸಿಕೋದಲ್ಲಿ 1997ರಲ್ಲಿ ಶುರುವಾದ ಪ್ರೊಗ್ರೆಸಾ ಯೋಜನೆ ಇದನ್ನ ಅರ್ಥ ಮಾಡ್ಕೊಂಡಿತ್ತು. ಮಕ್ಕಳು ಶಾಲೆಗೆ ಬಂದ್ರೆ ನಗದು ನೇರ ತಾಯಿ ಕೈಗೆ, ಪ್ರೌಢಶಾಲೆ ಹುಡುಗೀರಿಗೆ ಹುಡುಗ್ರಿಗಿಂತ ಜಾಸ್ತಿ, ಯಾಕಂದ್ರೆ ಆ ವಯಸ್ಸಲ್ಲೇ ಅವರನ್ನ ಬಿಡಿಸೋದು ಹೆಚ್ಚು. ಪ್ರೌಢಶಾಲೆ ದಾಖಲಾತಿ ಏರ್ತು, ಅದೂ ಹುಡುಗೀರದ್ದು ಜಾಸ್ತಿ.

ಹಾಗಾಗಿ ಎಷ್ಟು ದುಡ್ಡು ಸುರಿದ್ರೂ ಅಷ್ಟೇ ಅನ್ನೋ ನಿಮ್ಮ ಮಾತು ಒಪ್ಪಲ್ಲ. ಅದೇ ಅನುದಾನದಲ್ಲಿ ಮನೆಮನೆಗೆ ಹೋಗಿ ಮಾತಾಡಿಸೋ ಒಬ್ಬರ ಸಂಬಳ, ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋ ವ್ಯವಸ್ಥೆ ಸೇರ್ಲಿ, ಮೀಟಿಂಗ್ ಸಂಜೆಗೆ ಹೋಗ್ಲಿ. ಸಮಯ ಬದಲಾಯಿಸೋದಕ್ಕಂತೂ ದುಡ್ಡೂ ಬೇಡ.