ಸುಡೊಕು ಬಿಡಿಸುವಾಗ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತೇನೆ. ಊಹಿಸದೆ ಮುಂದುವರಿಯುವುದು ಹೇಗೆ?

ಸುಡೊಕುವಿನಲ್ಲಿ 1ರಿಂದ 9ರವರೆಗಿನ ಪ್ರತಿ ಅಂಕಿಯೂ ಪ್ರತಿ ಅಡ್ಡಸಾಲು, ಕಂಬಸಾಲು ಮತ್ತು ಒಂಬತ್ತು ಮನೆಗಳ ಚೌಕದಲ್ಲಿ ಒಂದೊಂದೇ ಸಲ ಬರಬೇಕು. ಸರಿಯಾಗಿ ರಚಿಸಿದ ಸುಡೊಕುವಿಗೆ ಉತ್ತರ ಒಂದೇ. ಆದ್ದರಿಂದ ಊಹೆಯನ್ನು ಪೂರ್ತಿ ಬಿಡಿ. ಒಂದು ತಪ್ಪು ಅಂಕಿ ಎಷ್ಟೋ ಮನೆ ತುಂಬಿದ ಮೇಲೆ ಬಯಲಾಗುತ್ತದೆ.

ನಾನು ಕಲಿತದ್ದು ಶಿರಸಿಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬರೆಯಲು ಕೈ ನಿಲ್ಲುವುದಿಲ್ಲ, ಕಣ್ಣಿನಲ್ಲೇ ಹುಡುಕಬೇಕು. ಆ ಹುಡುಕಾಟವೇ ಮುಖ್ಯ ವಿದ್ಯೆ. ಒಂದೇ ಅಂಕಿಯನ್ನು ಹಿಡಿಯಿರಿ, 7 ಎನ್ನೋಣ. ಮೇಲಿನ ಮೂರು ಚೌಕಗಳಲ್ಲಿ ಎಡಗಡೆಯದರ 7 ಮೊದಲ ಅಡ್ಡಸಾಲಿನಲ್ಲಿದೆ, ನಡುವಿನದರ 7 ಎರಡನೆಯದರಲ್ಲಿದೆ. ಹಾಗಾದರೆ ಬಲಗಡೆಯ ಚೌಕದ 7 ಮೂರನೆಯ ಸಾಲಿನಲ್ಲೇ ಕೂರಬೇಕು. ಅಲ್ಲಿನ ಮೂರು ಮನೆಗಳಲ್ಲಿ ಒಂದು ತುಂಬಿದ್ದು, ಇನ್ನೊಂದರ ಕಂಬಸಾಲಿನಲ್ಲಿ ಕೆಳಗೆಲ್ಲೋ 7 ಇದ್ದರೆ, ಉಳಿದ ಮನೆಯೇ ಅದರ ಜಾಗ.

ಈ ದಾರಿ ನಿಂತಾಗ ಮಾತ್ರ ಪೆನ್ಸಿಲ್ ಹಿಡಿದು ಖಾಲಿ ಮನೆಗಳಲ್ಲಿ ಸಾಧ್ಯವಿರುವ ಅಂಕಿಗಳನ್ನು ಸಣ್ಣದಾಗಿ ಬರೆಯಿರಿ. ಒಂದು ಸಾಲಿನ ಎರಡು ಮನೆಗಳಲ್ಲಿ 2 ಮತ್ತು 5 ಮಾತ್ರ ಉಳಿದಿದ್ದರೆ, ಆ ಸಾಲಿನ ಬೇರೆ ಮನೆಗಳಿಂದ ಅವೆರಡನ್ನೂ ಅಳಿಸಿಬಿಡಿ. ಬಹಳ ಸಲ ಗಂಟು ಬಿಚ್ಚುವುದು ಇಲ್ಲೇ.

ಕೊಟ್ಟ ಅಂಕಿಗಳು ಕಡಿಮೆ ಎಂದು ಹೆದರಬೇಡಿ. 17ಕ್ಕಿಂತ ಕಡಿಮೆ ಇದ್ದರೆ ಒಂದೇ ಉತ್ತರ ಸಿಗದು ಎಂದು 2012ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಲಾಗಿದೆ. ಆದರೆ 17 ಅಂಕಿಗಳಷ್ಟೇ ಇರುವ ಎಷ್ಟೋ ಒಗಟುಗಳು ಸುಲಭವಾಗಿಯೇ ಬಿಡಿಸಿಕೊಳ್ಳುತ್ತವೆ.